ಕವಚ ಹಾಕಿಕೊಂಡು ಕೂರೋಕೂ ಆಗಬೇಕು

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಾಮಿಕ್ಸ್, ಸಿನಿಮಾ ಪಾತ್ರಗಳ ವೇಷ ಹಾಕಿಕೊಂಡು ಅಭಿಮಾನಿಗಳು ಸೇರುವ ಬೆಂಗಳೂರಿನ ಕಾಮಿಕ್ ಕಾನ್‌ಗೆ ತಲೆಯಿಂದ ಕಾಲಿನವರೆಗೆ ಕವಚ ತೊಟ್ಟು ಹೋಗಬೇಕು ಅಂತ ಆಸೆ. ಯಾವ ಸಿನಿಮಾದ್ದೂ ಅಲ್ಲ, ನಾನೇ ಬಿಡಿಸಿಕೊಂಡ ಬಾಹ್ಯಾಕಾಶ ಸೈನಿಕ. ಕಾಲೇಜು ಫೆಸ್ಟಿಗೆ ರಟ್ಟು, ಥರ್ಮಾಕೋಲ್‌ನಲ್ಲಿ ಒಂದು ಮಾಡಿದ್ದೆ. ಸ್ಪ್ರೇ ಪೇಂಟ್ ಹೊಡೆದ ಕೂಡಲೇ ಥರ್ಮಾಕೋಲ್ ತೂತು ಬಿತ್ತು. ಹೇಗೋ ಸರಿಮಾಡಿ ಹಾಕಿಕೊಂಡರೆ ಕೂರೋಕಾಗಲಿಲ್ಲ. ಕೈ ಎತ್ತಿದರೆ ಎದೆಕವಚ ಗಂಟಲಿಗೆ ಒತ್ತುತ್ತಿತ್ತು. ತೊಡೆಯದು ಮೊಣಕಾಲಿಗೆ ಜಾರಿತು. ಅರ್ಧ ಗಂಟೆಗೆ ತಲೆ ಸುತ್ತೋಕೆ ಶುರುವಾಯ್ತು. ಯಾವ ವಸ್ತು ತಗೋಬೇಕು? ಅಳತೆ ಹೇಗೆ? ಸೆಖೆಗೆ ಏನು ಮಾಡೋದು? ಸುಮ್ನೆ ತ್ರೀಡಿ ಪ್ರಿಂಟ್ ಮಾಡಿಸಿಬಿಡಲಾ?

ಉತ್ತರ: ಥರ್ಮಾಕೋಲ್ ವಿಷಯ ಮೊದಲು ಮುಗಿಸಿಬಿಡೋಣ. ಅದು ಪಾಲಿಸ್ಟೈರೀನ್. ಸ್ಪ್ರೇ ಪೇಂಟಿನ ಡಬ್ಬಿಯಲ್ಲಿರುವ ದ್ರಾವಕ ಅದನ್ನು ಕರಗಿಸುತ್ತದೆ. ಚಪ್ಪಲಿ ಅಂಟಿಸುವ ಹಳದಿ ಗಮ್ ಕೂಡ ಕರಗಿಸುತ್ತದೆ. ಮೈಮೇಲೆ ಹಾಕೋ ವಸ್ತುವಿಗೆ ಥರ್ಮಾಕೋಲ್ ಬೇಡ.

ಉಳಿದ ನಾಲ್ಕು ತೊಂದರೆಗಳಿಗೂ ವಸ್ತುವಿಗೂ ಹೆಚ್ಚು ಸಂಬಂಧ ಇಲ್ಲ. ಅದೇ ಆಕಾರವನ್ನು ಉಕ್ಕಿನಲ್ಲಿ ಮಾಡಿದ್ದರೂ ನೀವು ಕೂರುತ್ತಿರಲಿಲ್ಲ. ಚಿತ್ರ ನೋಡಿ ಕತ್ತರಿಸಿದ್ದೀರಿ, ಮೈ ನೋಡಿ ಕತ್ತರಿಸಿಲ್ಲ. ಕವಚಕ್ಕೆ ಆಕಾರ ಕೊಡೋದು ಈಗ ಕಷ್ಟವೇ ಅಲ್ಲ, ನಾಲ್ಕು ವಿಡಿಯೊ ನೋಡಿದರೆ ಕೈಗೆ ಬರುತ್ತದೆ. ಪ್ರತಿ ತುಂಡೂ ಮೈಯ ಯಾವ ಜಾಗಕ್ಕೆ ತೂಗುಬೀಳುತ್ತದೆ, ಮೈ ಬಾಗಿದಾಗ ಅದು ಎಲ್ಲಿಗೆ ಸರಿಯುತ್ತದೆ ಅನ್ನೋದನ್ನು ಮೊದಲೇ ಯೋಚಿಸಿಟ್ಟುಕೊಳ್ಳೋದೇ ನಿಜವಾದ ಕೆಲಸ. ಅದಕ್ಕೇ ಈ ಉತ್ತರದಲ್ಲಿ ಪೇಂಟಿಗಿಂತ ಪಟ್ಟಿ, ಬಕಲ್‌ಗಳ ಮಾತೇ ಜಾಸ್ತಿ ಇರುತ್ತದೆ.

ಯುದ್ಧಕ್ಕೆ ಕವಚ ಮಾಡುತ್ತಿದ್ದವರು ಇದನ್ನು ಚೆನ್ನಾಗಿ ಅರಿತಿದ್ದರು. ಯುರೋಪಿನಲ್ಲಿ 15ನೇ ಶತಮಾನದ ಪೂರ್ತಿ ಉಕ್ಕಿನ ಕವಚ ಸುಮಾರು 15ರಿಂದ 25 ಕಿಲೊ ತೂಗುತ್ತಿತ್ತು. ಅದನ್ನು ತೊಟ್ಟವರು ಕುದುರೆ ಹತ್ತುತ್ತಿದ್ದರು, ಓಡುತ್ತಿದ್ದರು, ಬಿದ್ದರೆ ತಾವೇ ಏಳುತ್ತಿದ್ದರು. ಯಾಕೆಂದರೆ ಭಾರ ಒಂದೇ ಕಡೆ ಇರುತ್ತಿರಲಿಲ್ಲ. ಎದೆಕವಚ ಸೊಂಟದ ಸಣ್ಣ ಜಾಗಕ್ಕೆ ಮುಗಿಯುತ್ತಿತ್ತು, ಅಲ್ಲಿಂದ ಕೆಳಗೆ ಬೇರೆಯೇ ಪಟ್ಟೆಗಳು. ಕಾಲಿನ ಕವಚ ಒಳಗಿನ ದಪ್ಪ ಅಂಗಿಗೆ, ಸೊಂಟದ ಹತ್ತಿರ, ದಾರದಿಂದ ಕಟ್ಟಿಕೊಂಡಿರುತ್ತಿತ್ತು. ನಿಮ್ಮ ತೊಡೆಯ ತುಂಡು ಜಾರಿತು ಅಂದಿರಲ್ಲ, ಅದಕ್ಕೆ ಅವರು ಐನೂರು ವರ್ಷದ ಹಿಂದೆಯೇ ಕಂಡುಕೊಂಡ ಉಪಾಯ ಇದು.

ನಮ್ಮ ಕಡೆಗೆ ಬಂದರೆ ಇನ್ನೂ ಸುಲಭದ ಮಾದರಿ ಸಿಗುತ್ತದೆ. ಪರ್ಷಿಯಾದಲ್ಲೂ ಮೊಘಲರ ಕಾಲದ ಭಾರತದಲ್ಲೂ ಚಹಾರ್ ಆಯಿನಾ ಅನ್ನೋ ಎದೆಕವಚ ಬಳಕೆಯಲ್ಲಿತ್ತು. ನಾಲ್ಕು ಉಕ್ಕಿನ ಫಲಕ, ಅಷ್ಟೆ. ಎದೆಗೊಂದು, ಬೆನ್ನಿಗೊಂದು, ಎಡಬಲ ಪಕ್ಕೆಗೆ ಒಂದೊಂದು. ಪಕ್ಕೆಯ ಫಲಕಗಳನ್ನು ಮೇಲ್ಗಡೆ ಕಂಕುಳಿಗೆ ಅಂತ ಬಿಲ್ಲಿನ ಹಾಗೆ ಒಳಕ್ಕೆ ಕತ್ತರಿಸಿರುತ್ತಾರೆ. ನಾಲ್ಕನ್ನೂ ಪಟ್ಟಿ, ಬಕಲ್ ಹಾಕಿ ಸೇರಿಸಿ, ಕಬ್ಬಿಣದ ಬಳೆಗಳ ಅಂಗಿಯ ಮೇಲೆ ಕಟ್ಟಿಕೊಳ್ಳುತ್ತಿದ್ದರು. ಫಲಕ ಬಾಗೋದಿಲ್ಲ, ಫಲಕಗಳ ನಡುವಿನ ಸಂದು ಬಾಗುತ್ತದೆ. ನಿಮ್ಮ ಬಾಹ್ಯಾಕಾಶ ಸೈನಿಕನ ಮುಂಡವನ್ನು ಹೀಗೇ ನಾಲ್ಕು ತುಂಡಾಗಿ ಮಾಡಿ. ಹೊರಗಿನ ನೋಟ ನಿಮ್ಮ ಚಿತ್ರದ್ದೇ ಇರಲಿ, ಒಳಗಿನ ಲೆಕ್ಕ ಮಾತ್ರ ಇದು.

ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಚೌಕಿಗೆ ಯಾವಾಗಲಾದರೂ ಹೋಗಿದ್ದರೆ ನೆನಪು ಮಾಡಿಕೊಳ್ಳಿ. ಭುಜಕೀರ್ತಿ, ಎದೆಯ ಆಭರಣ, ತೋಳಿನದು, ಸೊಂಟದ್ದು, ಎಲ್ಲವೂ ಬಿಡಿಬಿಡಿ. ಹಗುರ ಮರದಲ್ಲಿ ಮಾಡಿ, ಬಣ್ಣದ ಹಾಳೆ, ಕನ್ನಡಿ ಚೂರು ಅಂಟಿಸಿದವು. ಕಲಾವಿದರು ಒಂದೊಂದನ್ನೇ ದಾರದಿಂದ ಮೈಗೆ ಬಿಗಿದು ಕಟ್ಟಿಕೊಳ್ಳುತ್ತಾರೆ. ಹಾಗೆ ಕಟ್ಟಿಕೊಂಡೇ ರಾತ್ರಿಯೆಲ್ಲ ಕುಣಿಯುತ್ತಾರೆ, ಮಂಡಿ ಹಾಕಿ ಸುತ್ತುತ್ತಾರೆ. ಈ ವಿಷಯದಲ್ಲಿ ಅವರಿಗಿಂತ ದೊಡ್ಡ ಗುರುಗಳು ನನಗಂತೂ ಗೊತ್ತಿಲ್ಲ.

ಈಗ ವಸ್ತು. ಇವಿಎ ಫೋಮ್ ತಗೊಳ್ಳಿ. ಹವಾಯಿ ಚಪ್ಪಲಿ, ಶೂ ಸೋಲ್‌ಗೆ ಬಳಸುವ ಜಾತಿಯದೇ. ಮಕ್ಕಳ ಕೋಣೆಯಲ್ಲಿ ಹಾಸುವ, ಹಲ್ಲು ಹಲ್ಲಾಗಿ ಒಂದಕ್ಕೊಂದು ಸೇರುವ ಮ್ಯಾಟ್ ಕೂಡ ಬಹುತೇಕ ಇದೇ. ಆದರೆ ಅದರ ಒಂದು ಮುಖದಲ್ಲಿ ಗೀರು ಗೀರು ಡಿಸೈನ್ ಇರುತ್ತದೆ, ಅದನ್ನು ಒಳಮುಖ ಮಾಡಿಕೊಳ್ಳಬೇಕು. ಚಪ್ಪಲಿ ತಯಾರಿಸುವವರಿಗೆ ಕಚ್ಚಾ ಸಾಮಾನು ಮಾರುವ ಅಂಗಡಿಯಲ್ಲಿ ಎರಡೂ ಕಡೆ ನುಣುಪಾದ ಹಾಳೆ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಟಿವಿ, ಫ್ರಿಜ್ ಡಬ್ಬದಲ್ಲಿ ಬರುವ ಬಿಳಿ ಫೋಮ್ ಹಾಳೆಯನ್ನು ಇದೇ ಅಂದುಕೊಂಡು ತರಬೇಡಿ. ಅದರಲ್ಲಿ ಗುಳ್ಳೆಗಳು ಕಣ್ಣಿಗೇ ಕಾಣುತ್ತವೆ, ಬಿಸಿ ತಾಗಿದರೆ ಮುದುಡಿಕೊಳ್ಳುತ್ತದೆ. ಇವಿಎಯನ್ನು ಬಿಸಿ ಮಾಡಿ ಬಗ್ಗಿಸಿ ಹಿಡಿದರೆ ತಣ್ಣಗಾದ ಮೇಲೆ ಹಾಗೇ ನಿಲ್ಲುತ್ತದೆ. ನಮಗೆ ಬೇಕಾದ್ದು ಈ ಒಂದು ಗುಣ.

ದಪ್ಪ ಎಲ್ಲ ಕಡೆ ಒಂದೇ ಬೇಡ. ಎದೆ, ಬೆನ್ನು, ತೊಡೆಗೆ 10 ಮಿಲಿಮೀಟರ್. ಮುಂಗೈ, ಮೊಣಕಾಲಿನ ಕೆಳಗೆ 5 ಅಥವಾ 6. ಮೇಲೆ ಅಂಟಿಸುವ ಅಂಚು, ಪಟ್ಟಿ, ಬೋಲ್ಟಿನಂಥ ಅಲಂಕಾರಕ್ಕೆ 2 ಅಥವಾ 3. ಸಾಂದ್ರತೆ ಘನ ಮೀಟರಿಗೆ 100 ಕಿಲೊ ಆಸುಪಾಸಿನದು ಕೇಳಿ. ತುಂಬಾ ಮೆತ್ತಗಿದ್ದರೆ ಅಂಚು ಬೇಗ ಹರಿಯುತ್ತದೆ. ಈ ಸಾಂದ್ರತೆಯ 10 ಮಿಲಿಮೀಟರ್ ಹಾಳೆ ಒಂದು ಚದರ ಮೀಟರಿಗೆ ಬರೀ ಒಂದು ಕಿಲೊ. ನಾಲ್ಕು ಚದರ ಮೀಟರ್ ಹಿಡಿದರೂ ನಿಮ್ಮ ಕವಚ ಕಾಲೇಜು ಬ್ಯಾಗಿಗಿಂತ ಹಗುರ ಇರಬಹುದು.

ತ್ರೀಡಿ ಪ್ರಿಂಟ್ ಬಗ್ಗೆ ಕೇಳಿದ್ದೀರಿ. ಪೂರ್ತಿ ಕವಚಕ್ಕೆ ನಾನು ಬೇಡ ಅನ್ನುತ್ತೇನೆ. ಭಾರ ಜಾಸ್ತಿ, ಮೈಗೆ ಬಗ್ಗೋದಿಲ್ಲ, ಜನಜಂಗುಳಿಯಲ್ಲಿ ಒಬ್ಬರು ಢಿಕ್ಕಿ ಹೊಡೆದರೆ ಸೀಳುತ್ತದೆ. ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರಕ್ಕೆ ಮೆತ್ತಗಾಗುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಅಷ್ಟು ಬಿಸಿ ಆಗೋದೇನೂ ದೊಡ್ಡ ಮಾತಲ್ಲ. ಎದೆಯ ಮೇಲಿನ ಲಾಂಛನ, ಹೆಲ್ಮೆಟ್ಟಿನ ಕಿವಿಯ ಹತ್ತಿರದ ಬಿಲ್ಲೆ, ಇಂಥ ಸಣ್ಣ ತುಂಡಿಗೆ ಪ್ರಿಂಟ್ ಮಾಡಿಸಿ. ಫೈಬರ್‌ಗ್ಲಾಸ್, ರೆಸಿನ್ ಕಡೆ ಸದ್ಯ ಹೋಗಲೇಬೇಡಿ. ಅದರ ಹೊಗೆ ಒಳ್ಳೆಯದಲ್ಲ, ನಾರು ಚರ್ಮಕ್ಕೆ ಹತ್ತಿದರೆ ದಿನವಿಡೀ ತುರಿಕೆ.

ಅಳತೆಗೆ ಬರೋಣ. ಹಳೇ ಟಿ-ಶರ್ಟ್ ಹಾಕಿಕೊಳ್ಳಿ. ಗೆಳೆಯನೊಬ್ಬನನ್ನು ಕರೆದು ಮುಂಡದ ಸುತ್ತ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿಸಿ. ಅದರ ಮೇಲೆ ಮಾಸ್ಕಿಂಗ್ ಟೇಪ್ ಚಿಕ್ಕ ಚಿಕ್ಕ ತುಂಡುಗಳಾಗಿ ಎರಡು ಪದರ ಅಂಟಿಸಲಿ. ಬಿಗಿಯಾಗಿ ಎಳೆಯೋದು ಬೇಡ, ಉಸಿರು ಪೂರ್ತಿ ಎಳೆದುಕೊಂಡಾಗಲೂ ಆರಾಮಾಗಿರಬೇಕು. ಕುತ್ತಿಗೆಗೆ ಸುತ್ತಲೇಬಾರದು. ಮಂಡಿ ಬಿಗಿಹಿಡಿದು ಅಲುಗಾಡದೆ ನಿಂತರೆ ಕೆಲವರಿಗೆ ತಲೆಸುತ್ತು ಬರುತ್ತದೆ, ಆಗಾಗ ಕಾಲು ಆಡಿಸುತ್ತಿರಿ. ಆಮೇಲೆ ಮಾರ್ಕರ್‌ನಲ್ಲಿ ಮೈಮೇಲೇ ಗೆರೆ ಎಳೆಯಿರಿ. ಎದೆಯ ನಟ್ಟನಡುವೆ ಒಂದು, ಕಂಕುಳ ಸುತ್ತ ಒಂದು, ಸೊಂಟ ಅತಿ ಸಣ್ಣಗಿರುವ ಕಡೆ ಒಂದು. ಈ ಮೂರನೇ ಗೆರೆ ಎಲ್ಲಕ್ಕಿಂತ ಮುಖ್ಯ. ಪಕ್ಕಕ್ಕೆ ಬಾಗಿದಾಗ ಮೈ ಎಲ್ಲಿ ಮಡಿಚುತ್ತದೆ ನೋಡಿ, ಅಲ್ಲೇ. ಸುಮಾರಾಗಿ ಹೊಕ್ಕಳಿಂದ ಒಂದೆರಡು ಬೆರಳು ಮೇಲೆ ಬರುತ್ತದೆ. ನಿಮ್ಮ ಎದೆಕವಚ ಅಲ್ಲಿಗೆ ಮುಗಿಯಬೇಕು. ನಿಮಗೆ ಕೂರೋಕಾಗದೆ ಹೋದದ್ದಕ್ಕೆ ಕಾರಣವೇ ಇದು: ಕವಚದ ಕೆಳಗಿನ ಅಂಚು ತೊಡೆಗೆ ತಾಗಿ ಇಡೀ ತುಂಡನ್ನು ಮೇಲಕ್ಕೆ ನೂಕುತ್ತದೆ. ಚಿತ್ರದಲ್ಲಿ ಹೊಟ್ಟೆ ಪೂರ್ತಿ ಮುಚ್ಚಿದೆ ಅನ್ನುತ್ತೀರಾ? ಹೊಟ್ಟೆಗೆ ಬೇರೆ ಎರಡು ಮೂರು ಅಡ್ಡ ಪಟ್ಟೆ ಮಾಡಿ, ಒಂದರ ಮೇಲೊಂದು ಸ್ವಲ್ಪ ಹಾಯುವ ಹಾಗೆ ಎಲಾಸ್ಟಿಕ್‌ಗೆ ಅಂಟಿಸಿ. ನೋಡುವವರಿಗೆ ಒಂದೇ ಕವಚ, ನಿಮಗೆ ಬಾಗೋದಕ್ಕೆ ಜಾಗ.

ಗೆಳೆಯ ಬೆನ್ನಿನ ನಡುವೆ ಟೇಪಿನ ಚಿಪ್ಪನ್ನು ಮೊಂಡುತುದಿಯ ಕತ್ತರಿಯಿಂದ ಕತ್ತರಿಸಿ ತೆಗೆಯಲಿ. ಅರ್ಧ ಭಾಗವನ್ನಷ್ಟೇ ಚಪ್ಪಟೆ ಮಾಡಿ ರಟ್ಟಿಗೆ ಇಳಿಸಿಕೊಳ್ಳಿ, ಇನ್ನರ್ಧಕ್ಕೆ ಅದನ್ನೇ ಮಗುಚಿ ಹಾಕಿ. ಮನುಷ್ಯನ ಮೈ ಎಡಬಲ ಒಂದೇ ಇರೋದಿಲ್ಲ, ಕವಚ ಒಂದೇ ಇದ್ದರೆ ನೋಡೋಕೆ ನೇರ ಕಾಣುತ್ತದೆ.

ನೀವು ಕಂಪ್ಯೂಟರಿನಲ್ಲಿ ತ್ರೀಡಿ ಮಾದರಿ ಮಾಡಿಕೊಂಡಿದ್ದರೆ ಪೆಪಕುರಾ ಅನ್ನೋ ಜಪಾನಿನ ಸಾಫ್ಟ್‌ವೇರ್ ಅದನ್ನು ಬಿಡಿಸಿ ಕಾಗದದ ತುಂಡುಗಳನ್ನಾಗಿ ಮಾಡಿಕೊಡುತ್ತದೆ. ಹೆಲ್ಮೆಟ್ಟಿಗೆ ಇದು ತುಂಬಾ ಅನುಕೂಲ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವಾಗ ಮಾತ್ರ ಹುಷಾರು. ಪುಟಕ್ಕೆ ಹೊಂದಿಸುವ ಆಯ್ಕೆ ಆನ್ ಇದ್ದರೆ ಎಲ್ಲ ತುಂಡೂ ಸ್ವಲ್ಪ ಚಿಕ್ಕದಾಗಿ ಬರುತ್ತವೆ, ಹೆಲ್ಮೆಟ್ ಕಿವಿಯಿಂದ ಕೆಳಗಿಳಿಯೋದೇ ಇಲ್ಲ. ಹಾಳೆಯ ಮೂಲೆಯಲ್ಲಿ 10 ಸೆಂಟಿಮೀಟರಿನ ಒಂದು ಗೆರೆ ಹಾಕಿಟ್ಟುಕೊಂಡು, ಮೊದಲ ಪ್ರಿಂಟ್ ಬಂದ ಕೂಡಲೇ ಸ್ಕೇಲ್ ಇಟ್ಟು ನೋಡಿ.

ಕೈಕಾಲಿನ ಅಳತೆಯಲ್ಲಿ ಎಲ್ಲರೂ ಎಡವೋದು ಫೋಮಿನ ದಪ್ಪದ ಲೆಕ್ಕದಲ್ಲಿ. ಎಂಜಿನಿಯರಿಂಗ್ ಓದುತ್ತಿದ್ದೀರಿ, ನಿಮಗೆ ಹೇಳೋದು ಸುಲಭ. ಹಾಳೆಯನ್ನು ಕೊಳವೆಯಾಗಿ ಸುತ್ತಿದಾಗ ಒಳಮುಖ ಕುಗ್ಗುತ್ತದೆ, ಹೊರಮುಖ ಹಿಗ್ಗುತ್ತದೆ, ನಟ್ಟನಡುವಿನ ಪದರ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಕೈಯ ಸುತ್ತಳತೆಗೆ ಪೈ ಗುಣಿಸು ದಪ್ಪ ಸೇರಿಸಬೇಕು. 10 ಮಿಲಿಮೀಟರ್ ಫೋಮಿಗೆ ಅದು 3.1 ಸೆಂಟಿಮೀಟರ್. 6 ಮಿಲಿಮೀಟರಿಗೆ 1.9. ಅದರ ಮೇಲೆ ಒಳಗಿನ ಬಟ್ಟೆಗೆ, ಗಾಳಿಗೆ ಅಂತ ಇನ್ನೊಂದೆರಡು ಸೆಂಟಿಮೀಟರ್. ಟೇಲರ್ ಟೇಪಿನಲ್ಲಿ ಬಂದ ಅಂಕಿಯನ್ನೇ ನೇರ ಕತ್ತರಿಸಿದರೆ ಮುಂಗೈ ತುಂಡು ಬಳೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ತೊಡೆಯನ್ನು ನಿಂತಾಗಲೂ ಕೂತಾಗಲೂ ಅಳೆಯಿರಿ. ಕೂತರೆ ಅದು ಅಗಲವಾಗುತ್ತದೆ, ದೊಡ್ಡ ಅಂಕಿ ಇಟ್ಟುಕೊಳ್ಳಿ. ಮುಂಗೈಯದು ಪೂರ್ತಿ ಕೊಳವೆ ಆಗಬೇಕಿಲ್ಲ. ಕೈ ಒಳಗೆ ತೂರಿಸುವ ಬದಲು, ಒಳಮಗ್ಗುಲಲ್ಲಿ ಉದ್ದಕ್ಕೆ ಸೀಳಿ ವೆಲ್ಕ್ರೊ ಹಾಕಿದರೆ ಯಾರ ಸಹಾಯವೂ ಇಲ್ಲದೆ ತೊಡಬಹುದು.

ಫೋಮ್ ಮುಟ್ಟೋದಕ್ಕೆ ಮೊದಲು ಇಡೀ ಕವಚವನ್ನು ರಟ್ಟಿನಲ್ಲಿ ಮಾಡಿ ಟೇಪ್ ಹಾಕಿ ತೊಟ್ಟುಕೊಳ್ಳಿ. ಅದರ ಚೆಂದ ನೋಡಬೇಡಿ. ಕುರ್ಚಿಯಲ್ಲಿ ಕೂರಿ. ಎರಡು ಕೈಯನ್ನೂ ಎದೆಯ ಮುಂದೆ ಅಡ್ಡ ತಂದು ಎದುರು ಭುಜ ಮುಟ್ಟಿ. ಮೆಟ್ಟಿಲು ಹತ್ತಿ ಇಳಿಯಿರಿ. ಬಗ್ಗಿ ಶೂ ಲೇಸ್ ಮುಟ್ಟಿ. ಎಲ್ಲಿ ರಟ್ಟು ಮಡಿಚುತ್ತದೋ ಅಲ್ಲಿ ಗುರುತು ಹಾಕಿ ಕತ್ತರಿಸಿ ತೆಗೆಯಿರಿ. ಭುಜ ಮುಟ್ಟೋಕಾಗದಿದ್ದರೆ ಎದೆ ತುಂಡಿನ ತೋಳಿನ ಕಡೆ ಇನ್ನೂ ಒಳಕ್ಕೆ ಹೋಗಬೇಕು. ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಹೋಗುತ್ತದೆ, ಹೆದರಬೇಡಿ. ಅಲ್ಲಿ ಕಾಣುವ ಸಂದಿಗೆ ಒಳಗೆ ಕಪ್ಪು ಬಟ್ಟೆ ಇರುತ್ತದೆ, ಮೇಲೆ ಭುಜದ ತುಂಡು ಬರುತ್ತದೆ, ಯಾರಿಗೂ ಗೊತ್ತಾಗೋದಿಲ್ಲ. ಮೊಣಕಾಲಿನ ಹಿಂದೆ, ಮೊಣಕೈಯ ಒಳಗೆ ನಾಲ್ಕು ಬೆರಳು ಅಗಲದ ಜಾಗ ಖಾಲಿ ಬಿಡಿ.

ಇನ್ನು ಕತ್ತರಿಸೋದು. ಮುರಿದು ಮುರಿದು ಹೊಸ ತುದಿ ತೆಗೆಯುವ ಕಟರ್ ಸಾಕು. ಇವಿಎ ಬ್ಲೇಡನ್ನು ಬೇಗ ಮೊಂಡು ಮಾಡುತ್ತದೆ. ಕತ್ತರಿಸಿದ ಅಂಚಲ್ಲಿ ಹಲ್ಲು ಕಾಣಿಸಿಕೊಂಡರೆ ಬ್ಲೇಡ್ ಹೋಯ್ತು ಅಂತ ಅರ್ಥ, ತುದಿ ಮುರಿಯಿರಿ. ಜಿಪುಣತನ ಇಲ್ಲಿ ಬೇಡ. ಎರಡು ತುಂಡು ಸೇರಿ ಲಂಬಕೋನ ಆಗಬೇಕಿದ್ದರೆ ಎರಡರ ಅಂಚನ್ನೂ 45 ಡಿಗ್ರಿ ಓರೆಗೆ ಕತ್ತರಿಸಿ.

ಹೀಟ್ ಗನ್ ಬೇಕೇ ಬೇಕು, ಕೂದಲು ಒಣಗಿಸುವ ಡ್ರೈಯರ್ ಸಾಲೋದಿಲ್ಲ. ಗನ್ನನ್ನು ಒಂದು ಗೇಣಿಗಿಂತ ಸ್ವಲ್ಪ ಹತ್ತಿರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಮಂಕಾಗಿದ್ದ ಮೇಲ್ಮೈ ಸ್ವಲ್ಪ ಹೊಳಪಿಗೆ ತಿರುಗುತ್ತದೆ. ಮೇಲಿನ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುವ ಗುರುತು ಅದು. ಆಗ ತೆಗೆದು ಬಗ್ಗಿಸಿ ಹಿಡಿಯಿರಿ. ಭುಜದ ತುಂಡನ್ನು ಬೋರಲು ಹಾಕಿದ ಬಾಣಲೆಯ ಮೇಲೆ ಒತ್ತಿ ಹಿಡಿದರೆ ಒಳ್ಳೆ ಗುಮ್ಮಟ ಬರುತ್ತದೆ (ಮನೆಯವರನ್ನು ಕೇಳಿ ತಗೊಳ್ಳಿ). ಕೈಗೆ ದಪ್ಪ ಬಟ್ಟೆಯ ಗ್ಲೌಸ್ ಇರಲಿ. ಇನ್ನೊಂದು ಚೆಂದದ ಉಪಾಯ ಇದೆ. ನುಣುಪು ಮೇಲ್ಮೈಯಲ್ಲಿ ಕಟರ್‌ನಿಂದ ದಪ್ಪದ ಕಾಲುಭಾಗದಷ್ಟು ಆಳ ಒಂದು ಗೆರೆ ಸೀಳಿ. ನೋಡಿದರೆ ಏನೂ ಕಾಣೋದಿಲ್ಲ. ಅದರ ಮೇಲೆ ಬಿಸಿಗಾಳಿ ಹಾಯಿಸಿದ ಕೂಡಲೇ ಸೀಳು ತಾನಾಗೇ ಬಾಯಿ ಬಿಡುತ್ತದೆ. ಎರಡು ಲೋಹದ ಹಲಗೆ ಸೇರಿದ ಸಂದಿನ ಹಾಗೆ ಅಚ್ಚುಕಟ್ಟಾದ ಗೆರೆ. ಬಾಹ್ಯಾಕಾಶ ಸೈನಿಕನಿಗೆ ಇಂಥವು ಎಷ್ಟಿದ್ದರೂ ಸಾಲದು.

ಅಂಟಿಸೋದಕ್ಕೆ ಚಪ್ಪಲಿ ರಿಪೇರಿಯವರು ಹಚ್ಚುವ ಹಳದಿ ರಬ್ಬರ್ ಗಮ್. ಫೆವಿಬಾಂಡ್ ಇದೇ ಜಾತಿ. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಬೆರಳು ಇಟ್ಟರೆ ಅಂಟದಷ್ಟು ಆರುವವರೆಗೆ ಕಾಯಿರಿ, ಆಮೇಲೆ ಒತ್ತಿ. ಹಸಿ ಇದ್ದಾಗಲೇ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಸರಿಯಾಗಿ ಆರಿಸಿ ಒತ್ತಿದರೆ ಫೋಮ್ ಹರಿಯುತ್ತದೆಯೇ ಹೊರತು ಜೋಡಣೆ ಬಿಡೋದಿಲ್ಲ. ಒಂದು ಸಲ ತಾಗಿದರೆ ಜರುಗಿಸೋಕಾಗದು, ಅದಕ್ಕೆ ಎರಡು ತುದಿ ಮೊದಲು, ನಡು ಆಮೇಲೆ, ಉಳಿದದ್ದು ಕೊನೆಗೆ ಒತ್ತಿಕೊಂಡು ಬನ್ನಿ. ಫೆವಿಕ್ವಿಕ್‌ನಲ್ಲಿ ಮಾಡಿದ ಜೋಡಣೆ ಗಾಜಿನ ಹಾಗೆ ಗಡಸಾಗಿ, ಬಗ್ಗಿದಾಗ ಚಟಕ್ಕಂತ ಬಿಡುತ್ತದೆ. ಅದು ತುರ್ತು ರಿಪೇರಿಗೆ ಮಾತ್ರ.

ಗಮ್ಮಿನ ವಾಸನೆ ವಿಷಯ ಸ್ವಲ್ಪ ಗಂಭೀರವಾಗಿ ತಗೊಳ್ಳಿ. ಹಾಸ್ಟೆಲ್ ರೂಮಿನ ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಇದಲ್ಲ. ಎನ್95 ಮಾಸ್ಕ್ ಧೂಳು ತಡೆಯುತ್ತದೆ, ದ್ರಾವಕದ ಆವಿಯನ್ನು ತಡೆಯೋದಿಲ್ಲ. ಟೆರೇಸಿಗೆ ಹೋಗಿ. ಒಳಗೇ ಮಾಡಬೇಕಾದರೆ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿಕೊಂಡು, ಕಿಟಕಿ ತೆಗೆದು ಫ್ಯಾನ್ ಹೊರಮುಖ ಇಡಿ. ಗಮ್ ಹಸಿ ಇರುವ ಜಾಗದಲ್ಲಿ ಹೀಟ್ ಗನ್ ಹಚ್ಚಲೇಬೇಡಿ, ಅದರ ಆವಿಗೆ ಬೆಂಕಿ ಹತ್ತುತ್ತದೆ. ಎನ್95 ಬೇಕಾಗೋದು ಉಪ್ಪುಕಾಗದದಲ್ಲಿ ಅಂಚು ಉಜ್ಜುವಾಗ.

ಈಗ ಪಟ್ಟಿ. ಇಲ್ಲಿ ಅವಸರ ಮಾಡಬೇಡಿ. ಒಂದಿಂಚು ಅಗಲದ ನೈಲಾನ್ ಪಟ್ಟಿ, ಬ್ಯಾಗಿಗೆ ಹಾಕುವ ಪ್ಲಾಸ್ಟಿಕ್ ಬಕಲ್, ಅಗಲ ಎಲಾಸ್ಟಿಕ್, ಹೊಲಿಯುವ ವೆಲ್ಕ್ರೊ. ಬ್ಯಾಗ್ ರಿಪೇರಿ ಅಂಗಡಿಯಲ್ಲಿ ಎಲ್ಲ ಸಿಗುತ್ತದೆ. ಹಿಂದೆ ಗಮ್ ಇರುವ ವೆಲ್ಕ್ರೊ ಬೇಡ, ಬೆವರು, ಬಿಸಿಗೆ ಅದು ಮಧ್ಯಾಹ್ನದೊಳಗೆ ಕಿತ್ತುಬರುತ್ತದೆ. ಪಟ್ಟಿಯನ್ನು ಫೋಮಿಗೆ ನೇರ ಅಂಟಿಸಬೇಡಿ. ಎಳೆತ ಎಲ್ಲ ಪಟ್ಟಿಯ ತುದಿಗೇ ಬಿದ್ದು ಅಲ್ಲಿಂದ ಸುಲಿಯೋಕೆ ಶುರುವಾಗುತ್ತದೆ. ಫೋಮಿನಲ್ಲಿ ಒಂದು ಸೀಳು ಮಾಡಿ ಪಟ್ಟಿ ತೂರಿಸಿ, ಬಾಲವನ್ನು ಆಚೆಮುಖಕ್ಕೆ ಅಂಟಿಸಿ, ಅದರ ಮೇಲೆ ಅಂಗೈ ಅಗಲದ ತೆಳು ಫೋಮ್ ತುಂಡು ಅಂಟಿಸಿ. ಆ ತುಂಡನ್ನು ಡಿಸೈನಿನ ಭಾಗವೇ ಮಾಡಿಬಿಟ್ಟರೆ ಆಯ್ತು.

ತೊಡೆಯ ತುಂಡು ತೊಡೆಯ ಮೇಲೆ ಯಾವತ್ತೂ ನಿಲ್ಲೋದಿಲ್ಲ. ತೊಡೆ ಮೇಲಿಂದ ಕೆಳಗೆ ಸಣ್ಣಗಾಗುತ್ತಾ ಹೋಗುತ್ತದೆ, ಜಾರದೆ ಏನು ಮಾಡುತ್ತದೆ? ಬಿಗಿ ಮಾಡಿದರೆ ರಕ್ತ ಓಡಾಟಕ್ಕೆ ತೊಂದರೆ. ಕವಚದ ಒಳಗೆ ಸೊಂಟಕ್ಕೊಂದು ಅಗಲ ಬೆಲ್ಟ್ ಕಟ್ಟಿ, ಅದರಿಂದ ಎರಡೆರಡು ಪಟ್ಟಿಯಲ್ಲಿ ತೊಡೆಯ ತುಂಡು ನೇತುಹಾಕಿ. ಒಂದು ಮುಂದೆ, ಒಂದು ಹೊರಮಗ್ಗುಲಿಗೆ. ತೊಡೆಯ ಹಿಂಭಾಗವನ್ನು ಬಿಟ್ಟೇಬಿಡಿ, ಅಲ್ಲಿ ಎಲಾಸ್ಟಿಕ್ ಸಾಕು. ಕೂರೋದು ಅದರ ಮೇಲೆ ತಾನೆ. ಮೊಣಕಾಲಿನ ಕೆಳಗಿನ ತುಂಡು ಶೂ ಮೇಲೆ ಕೂತಿರಲಿ, ಭಾರ ಶೂಗೇ ಹೋಗುತ್ತದೆ. ಭುಜದ ತುಂಡನ್ನು ಎದೆಕವಚಕ್ಕೆ ಗಟ್ಟಿಯಾಗಿ ಅಂಟಿಸಬೇಡಿ. ಕುತ್ತಿಗೆಯ ಬದಿಯ ಪಟ್ಟಿಗೆ ಎಲಾಸ್ಟಿಕ್‌ನಲ್ಲಿ ಕಟ್ಟಿ, ಕೆಳತುದಿಯನ್ನು ತೋಳಿನ ಸುತ್ತ ಇನ್ನೊಂದು ಎಲಾಸ್ಟಿಕ್‌ನಲ್ಲಿ ಹಿಡಿಸಿ. ಕೈ ಎತ್ತಿದರೆ ಭುಜದ್ದು ಮಾತ್ರ ಜೊತೆಗೆ ಏಳುತ್ತದೆ, ಎದೆಯದು ಇದ್ದಲ್ಲೇ ಇರುತ್ತದೆ. ತೊಡುವಾಗ ಕೆಳಗಿಂದ ಮೇಲಕ್ಕೆ ಬನ್ನಿ: ಶೂ, ಕಾಲು, ತೊಡೆ, ಮುಂಡ, ಭುಜ, ಕೈ, ಕೊನೆಗೆ ಹೆಲ್ಮೆಟ್. ಎದೆಕವಚ ಮೊದಲು ಹಾಕಿಕೊಂಡರೆ ಬಗ್ಗಿ ಶೂ ಕಟ್ಟೋಕಾಗಲ್ಲ.

ತಲೆ ಸುತ್ತಿತು ಅಂದಿರಿ. ಅದನ್ನು ಸುಸ್ತು ಅಂತ ತಳ್ಳಿಹಾಕಬೇಡಿ. ಬೆವರು ಆರಿದರೆ ಮೈ ತಂಪಾಗುತ್ತದೆ. ಇವಿಎಯಲ್ಲಿ ಗಾಳಿ ಹಾಯೋದಿಲ್ಲ, ಬೆವರು ಆರೋದಿಲ್ಲ, ಬಿಸಿ ಒಳಗೇ ಉಳಿಯುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಆ ಕ್ಷಣವೇ ಬಿಚ್ಚಿ ನೆರಳಿಗೆ ಹೋಗಬೇಕು. ಫೋಟೊಗೆ ಕಾಯುತ್ತಿರುವವರು ಕಾಯಲಿ. ಕಂಕುಳ ಕೆಳಗೆ, ಬೆನ್ನಿನ ನಡುವೆ, ತೊಡೆಯ ಹಿಂದೆ ತೆರೆದ ಜಾಗ ಬಿಡಿ, ನಾಲ್ಕು ಫಲಕದ ಲೆಕ್ಕದಲ್ಲಿ ಮಾಡಿದರೆ ಕಂಕುಳ ಕೆಳಗಿನದು ತಾನಾಗೇ ಸಿಗುತ್ತದೆ. ಒಳಗೆ ಕಾಟನ್ ಬೇಡ, ಬೆವರು ಹೀರಿ ಒದ್ದೆಯಾಗೇ ಕೂರುತ್ತದೆ. ಆಟಗಾರರು ಹಾಕುವ ಬೇಗ ಒಣಗುವ ಕಪ್ಪು ಟೀ ಶರ್ಟ್, ಟೈಟ್ಸ್ ಹಾಕಿ. ಅರ್ಧ ಗಂಟೆಗೊಮ್ಮೆ ಹೆಲ್ಮೆಟ್ ತೆಗೆದು ನೀರು ಕುಡಿಯಿರಿ, ನಡುವೆ ಒಂದು ಓಆರ್‌ಎಸ್. ಟಾಯ್ಲೆಟ್ಟಿಗೆ ಹೋಗಬೇಕಾಗುತ್ತದೆ ಅಂತ ನೀರು ಕುಡಿಯದೆ ಇರುವವರನ್ನು ನೋಡಿದ್ದೇನೆ. ಅದರ ಬದಲು ಸೊಂಟದ ಮುಂದಿನ ತುಂಡನ್ನು ಒಂದೇ ಬಕಲ್‌ನಲ್ಲಿ ಕಳಚುವ ಹಾಗೆ ಮಾಡಿ.

ಹೆಲ್ಮೆಟ್ಟಿಗೆ ಒಂದೇ ನಿಯಮ: ಯಾರ ಸಹಾಯವೂ ಇಲ್ಲದೆ, ಗ್ಲೌಸ್ ಹಾಕಿದ ಕೈಯಲ್ಲೇ, ಒಂದೇ ಎಳೆತಕ್ಕೆ ಬರಬೇಕು. ಮುಖದ ಭಾಗವನ್ನು ಬಲವಾದ ಮ್ಯಾಗ್ನೆಟ್‌ಗಳಿಂದ ಹಿಡಿಸಿದರೆ ಅನುಕೂಲ. ಒಳಗೆ 40 ಮಿಲಿಮೀಟರಿನ 5 ವೋಲ್ಟ್ ಫ್ಯಾನ್ ಎರಡು ಇಡಿ. ಒಂದು ಗಾಳಿಯನ್ನು ಒಳಕ್ಕೆ ತರಲಿ, ಇನ್ನೊಂದು ಹೊರಕ್ಕೆ ಹಾಕಲಿ. ಎರಡನ್ನೂ ಒಳಮುಖ ಇಟ್ಟರೆ ಅದೇ ಬಿಸಿ ಗಾಳಿ ಸುತ್ತುತ್ತದೆ, ವೈಸರ್ ಮಂಜು ಹಿಡಿಯುತ್ತದೆ. ಬೆಂಗಳೂರಿಗೆ ಹೋದಾಗ ಎಸ್‌.ಪಿ. ರೋಡಿನಲ್ಲಿ ಫ್ಯಾನ್, ಎಲ್‌ಇಡಿ, ಕನೆಕ್ಟರ್ ಎಲ್ಲ ಸಿಗುತ್ತದೆ. ಕರೆಂಟಿಗೆ ಮಾಮೂಲಿ ಪವರ್ ಬ್ಯಾಂಕ್ ಸಾಕು. ಬಿಚ್ಚುಬ್ಯಾಟರಿ ಹಾಕಿ ಮೈಗೆ ಅಂಟಿಸಿಕೊಳ್ಳುವ ಸಾಹಸ ಬೇಡ. ಕೆಲವು ಪವರ್ ಬ್ಯಾಂಕ್‌ಗಳು ಸಣ್ಣ ಲೋಡ್ ಇದ್ದರೆ ತಾವಾಗೇ ಆಫ್ ಆಗುತ್ತವೆ, ಮನೆಯಲ್ಲೇ ಒಂದು ಗಂಟೆ ಓಡಿಸಿ ನೋಡಿ. ಅದನ್ನು ಕೈಗೆ ಸಿಗುವ ಬಟ್ಟೆಯ ಜೇಬಿನಲ್ಲಿಡಿ, ಫೋಮಿನೊಳಗೆ ಸೀಲ್ ಮಾಡಬೇಡಿ. ಎರಡು ತುಂಡಿನ ನಡುವೆ ಹಾಯುವ ವೈರಿಗೆ ಎಳೆದರೆ ಬಿಚ್ಚಿಕೊಳ್ಳುವ ಕನೆಕ್ಟರ್ ಹಾಕಿ.

ಹೆಲ್ಮೆಟ್ ಹಾಕಿದರೆ ಕಾಲಬುಡ ಕಾಣೋದಿಲ್ಲ, ಕಿವಿಯೂ ಅರ್ಧ. ಗೆಳೆಯನೊಬ್ಬ ಜೊತೆಗಿರಲೇಬೇಕು. ಮೆಟ್ಟಿಲು, ಚಿಕ್ಕ ಮಕ್ಕಳು, ಫೋಟೊಗೆ ಅಂತ ಹಿಂದಿನಿಂದ ಹೆಗಲಿಗೆ ಕೈ ಹಾಕುವವರು, ಎಲ್ಲವನ್ನೂ ಅವನೇ ನೋಡಿಕೊಳ್ಳಬೇಕು. ಕೈಯಲ್ಲಿ ಹಿಡಿಯುವ ಆಯುಧ ಇದ್ದರೆ ಅದನ್ನೂ ಫೋಮಿನಲ್ಲೇ ಮಾಡಿ. ಆಯುಧದ ಬಗ್ಗೆ ಕಾರ್ಯಕ್ರಮದವರ ನಿಯಮವನ್ನು ಟಿಕೆಟ್ ತೆಗೆಯುವಾಗಲೇ ಓದಿಕೊಳ್ಳಿ.

ಪೇಂಟ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಫೋಮಿಗೆ ನೇರ ಪೇಂಟ್ ಹೊಡೆದರೆ ಅದು ಕುಡಿಯುತ್ತದೆ, ಆಮೇಲೆ ಬಗ್ಗಿದ ಕಡೆ ಸಿಪ್ಪೆ ಏಳುತ್ತದೆ. ಮೊದಲು ಇಡೀ ಮೇಲ್ಮೈಗೆ ಹೀಟ್ ಗನ್ ಹಾಯಿಸಿ. ಬಿಳಿ ಫೆವಿಕಾಲಿಗೆ ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಮೂರು ನಾಲ್ಕು ಕೋಟ್ ಕೊಡಿ, ಪ್ರತಿ ಕೋಟ್ ಪೂರ್ತಿ ಒಣಗಲಿ. ಮಾಮೂಲಿ ಬಿಳಿ ಗಮ್ ನೀರು ತಾಗಿದರೆ ಮೆತ್ತಗಾಗುತ್ತದೆ, ಮಳೆಯ ಭಯ ಇದ್ದರೆ ಫೆವಿಕಾಲ್ ಮರೀನ್ ತಗೊಳ್ಳಿ. ರಬ್ಬರಿನಂಥ ಪದರ ಕೊಡುವ ಸ್ಪ್ರೇಗಳೂ ಇವೆ, ಅವು ಚೆನ್ನಾಗಿವೆ, ದುಬಾರಿ. ಆಮೇಲೆ ಕಪ್ಪು ಅಕ್ರಿಲಿಕ್, ಅದರ ಮೇಲೆ ಬೆಳ್ಳಿ ಅಥವಾ ನಿಮ್ಮ ಬಣ್ಣ. ಕೊನೆಗೆ ನೀರಾಗಿಸಿದ ಕಪ್ಪನ್ನು ಬಳಿದು ಕೂಡಲೇ ಬಟ್ಟೆಯಲ್ಲಿ ಒರೆಸಿ. ಸೀಳಿದ ಗೆರೆಗಳಲ್ಲಿ ಕಪ್ಪು ಉಳಿದು, ಹೊಸದಾಗಿ ಪೇಂಟ್ ಹೊಡೆದ ಗೇಟಿನ ಕಳೆ ಹೋಗಿ, ಬಳಸಿದ ಲೋಹದ ಕಳೆ ಬರುತ್ತದೆ.

ದಾವಣಗೆರೆಯಿಂದ ಬರೋದನ್ನೂ ಈಗಲೇ ಯೋಚಿಸಿ. ತೊಡೆಯ ತುಂಡಿನೊಳಗೆ ಮುಂಗೈದು, ಎದೆ-ಬೆನ್ನಿನ ನಡುವೆ ಹೆಲ್ಮೆಟ್, ಹೀಗೆ ಒಂದರೊಳಗೊಂದು ಕೂರಬೇಕು. ರೈಲಿನಲ್ಲಿ ಸೀಟಿನ ಕೆಳಗೆ ಹೋಗುವ ಒಂದು ದೊಡ್ಡ ಚೀಲ ಸಾಕಾಗುತ್ತದೆ. ಜೊತೆಗೊಂದು ಡಬ್ಬಿ: ಗಮ್ ಟ್ಯೂಬ್, ಫೆವಿಕ್ವಿಕ್, ಕಪ್ಪು ಟೇಪ್, ಸೇಫ್ಟಿ ಪಿನ್, ಕೇಬಲ್ ಟೈ, ಎರಡು ಹೆಚ್ಚುವರಿ ಬಕಲ್. ವಾಪಸ್ ಬಂದ ಮೇಲೆ ಒಳಮುಖವನ್ನು ಸೋಪು ನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಆಕಾರ ಕೆಡುತ್ತದೆ, ಗಮ್ಮೂ ಬಿಡುತ್ತದೆ.

ಮೊದಲು ಮುಂಗೈ ತುಂಡಿನಿಂದ ಶುರುಮಾಡಿ. ಕತ್ತರಿಸೋದು, ಬಗ್ಗಿಸೋದು, ಅಂಟಿಸೋದು, ಪಟ್ಟಿ, ಪೇಂಟ್, ಎಲ್ಲವೂ ಅದರಲ್ಲೇ ಒಂದು ಸುತ್ತು ಆಗುತ್ತದೆ. ಕೆಟ್ಟರೂ ಒಂದು ತುಂಡು ಫೋಮ್ ಹೋಗುತ್ತದೆ ಅಷ್ಟೆ. ಎದೆಕವಚವನ್ನು ಕೈ ಪಳಗಿದ ಮೇಲೆ ಮುಟ್ಟಿ. ನಡುವೆ ಏನಾದರೂ ಸಿಕ್ಕಿಹಾಕಿಕೊಂಡರೆ ಬರೆಯಿರಿ. ರಟ್ಟಿನ ಟ್ರಯಲ್ ಆದಾಗ ಒಂದು ಫೋಟೊ ಕಳಿಸಿ. ನಿಂತದ್ದು ಬೇಡ, ಕುರ್ಚಿಯಲ್ಲಿ ಕೂತದ್ದು ಕಳಿಸಿ.